ಅಮ್ಮ ಇಳಿಯದ ಕುರ್ಚಿ

ಅಮ್ಮನ ಹುಟ್ಟುಹಬ್ಬವನ್ನು ನಮ್ಮ ಮನೆಯಲ್ಲಿ ಮಾಡೋಣ ಎಂದು ಮೊದಲು ಹೇಳಿದವನು ನಾನೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಆದದ್ದಕ್ಕೆಲ್ಲ ಅಣ್ಣನೊಬ್ಬನನ್ನೇ ದೂರಿದರೆ ಸುಳ್ಳಾಗುತ್ತದೆ.

ಕೃಷ್ಣರಾಜಪುರದ ಈ ಮನೆಗೆ ನಾವು ಬಂದು ಆಗ ಮೂರು ತಿಂಗಳಾಗಿತ್ತು. ಎರಡನೇ ಮಹಡಿಯಲ್ಲಿ ಒಂದು ಹಾಲ್, ಒಂದು ರೂಮು, ಅಡುಗೆಮನೆ. ಅದಕ್ಕೆ ಮುಂಚೆ ಹನ್ನೊಂದು ವರ್ಷ ಶೀಟಿನ ಮನೆಯಲ್ಲಿದ್ದೆವು. ನಾನು ತಾರಸಿ ಮನೆಗೆ ಬಂದದ್ದನ್ನು ಅಮ್ಮ ನೋಡಲಿ ಎಂಬ ಆಸೆ ನನಗೆ. ಅಮ್ಮ ಎಂಟು ವರ್ಷದಿಂದ ಅಣ್ಣನ ಜೊತೆ ಕಾಕ್ಸ್ ಟೌನಿನ ಫ್ಲಾಟಿನಲ್ಲಿದ್ದಳು. ಅಲ್ಲಿ ಲಿಫ್ಟ್ ಇದೆ. ನಮ್ಮಲ್ಲಿ ಮೂವತ್ತಾರು ಮೆಟ್ಟಿಲು. ಅಮ್ಮನ ಮಂಡಿ ಎರಡೂ ಹೋಗಿವೆ.

ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ‘ಈ ಸಲ ಅಮ್ಮನ ಹುಟ್ಟುಹಬ್ಬ ನಮ್ಮ ಮನೇಲಿ’ ಎಂದು ಬರೆದೆ. ಅತ್ತಿಗೆ ಕೂಡಲೇ ಹೂವಿನ ಚಿತ್ರ ಹಾಕಿದರು. ಅಣ್ಣ ‘ಓಕೆ, ಭಾನುವಾರ’ ಅಂದ. ಮೆಟ್ಟಿಲು ನೆನಪಾದದ್ದು ಆಮೇಲೆ. ಅದನ್ನು ಹೇಳಬೇಕೆಂದು ಟೈಪ್ ಮಾಡತೊಡಗಿದೆ. ನಾನು ಟೈಪ್ ಮಾಡುವುದು ಒಂದೇ ಬೆರಳಿನಲ್ಲಿ, ಒಂದೊಂದು ಅಕ್ಷರ ಹುಡುಕಿ. ಅಷ್ಟರಲ್ಲಿ ಅವರು ಕೇಕು ಯಾವುದು, ಮೇಣದ ಬತ್ತಿ ಯಾರು ತರುವುದು ಎಲ್ಲ ತೀರ್ಮಾನ ಮಾಡಿ ಮುಗಿಸಿದ್ದರು. ‘ಮೈದುನರು ಇನ್ನೂ ಟೈಪಿಂಗ್ ಅಂತ ತೋರಿಸ್ತಿದೆ, ಭಾಷಣ ಬರೀತಿದ್ದಾರೆ ಅನ್ಸುತ್ತೆ’ ಎಂದು ಅತ್ತಿಗೆ ನಗುವ ಮುಖ ಹಾಕಿದರು. ಬರೆದದ್ದನ್ನು ಅಳಿಸಿದೆ.

ಅಕ್ಷರ ನನಗೆ ಬಂದದ್ದು ತಡವಾಗಿ, ಮೂವತ್ತು ದಾಟಿದ ಮೇಲೆ, ಕೆಲಸ ಮುಗಿಸಿ ಸಂಜೆ ಕ್ಲಾಸಿಗೆ ಹೋಗಿ. ಮುಳಬಾಗಿಲಿನಲ್ಲಿ ನಾವು ಚಿಕ್ಕವರಿದ್ದಾಗ ಅಣ್ಣ ಶಾಲೆಗೆ ಹೋದ, ನಾನು ಅಮ್ಮನ ಜೊತೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರ ಅಮ್ಮ ಹುಣಸೆಹಣ್ಣು, ಟೊಮೇಟೊ, ಆಯಾ ಕಾಲಕ್ಕೆ ಸಿಕ್ಕಿದ್ದನ್ನು ಮಾರುತ್ತಿದ್ದಳು. ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೆ ಏರಿಸಿಕೊಳ್ಳಲು ಆಗುವುದಿಲ್ಲ, ಎದುರಿನಿಂದ ಇನ್ನೊಬ್ಬರು ಎತ್ತಿಸಬೇಕು. ಆ ಇನ್ನೊಬ್ಬ ನಾನಾಗಿದ್ದೆ. ಅಮ್ಮ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಬಗ್ಗಿ, “ಕೈ ಹಾಕು, ಚಿಕ್ಕೋನೆ” ಅನ್ನುತ್ತಿದ್ದಳು. ನಾನು ಶಾಲೆಗೆ ಹೋಗದೆ ಉಳಿದದ್ದು ಈ ಎರಡು ಮಾತಿಗೆ ಎನ್ನಬಹುದು. ಬೇಜಾರಿನಿಂದ ಹೇಳುತ್ತಿಲ್ಲ. ಆ ದಿನಗಳಲ್ಲಿ ಅಮ್ಮ ನನ್ನೊಬ್ಬನವಳೇ ಆಗಿದ್ದಳು.

ಭಾನುವಾರ ಬೆಳಗ್ಗೆ ಕೆಳಗಿನ ಮನೆಯ ಓನರಮ್ಮನ ಹತ್ತಿರ ಹೋಗಿ ಒಂದು ಗಟ್ಟಿ ಕುರ್ಚಿ ಕೇಳಿದೆ. ಅವರು ಇದೇ ಹಳ್ಳಿಯ ಹಳೆಯ ಒಕ್ಕಲು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ.

“ಎಷ್ಟ್ ಜನ ಬರ್ತಾರೆ?”

“ಮೂರೇ ಜನ, ಅಮ್ಮ. ನಮ್ಮ ತಾಯಿ, ಅಣ್ಣ, ಅತ್ತಿಗೆ.”

“ಎಲ್ರೂ ಹಂಗೇ ಹೇಳೋದು. ಸಂಪಲ್ಲಿ ನೀರ್ ನೋಡ್ಕೊಂಡ್ ಬಿಡಿ.” ಕೈಯಿರುವ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಅವರೇ ಎಳೆದು ತಂದರು. “ನಮ್ಮತ್ತೇನೂ ಹಿಂಗೇ ಕೂರ್ಸಿ ಹತ್ತುಸ್ತಿದ್ವಿ. ಇಬ್ರು ಗಂಡಸ್ರು ಬೇಕು ಕಣಪ್ಪ, ಒಬ್ರ ಕೈಲಾಗಲ್ಲ. ವಾಪಸ್ ಕೊಡೋವಾಗ ತೊಳ್ದು ಕೊಡು.”

ಅಮ್ಮ, ಅಣ್ಣ, ಅತ್ತಿಗೆ ಹನ್ನೆರಡಕ್ಕೆ ಬರಬೇಕಿತ್ತು. ಟಿನ್ ಫ್ಯಾಕ್ಟರಿಯ ಹತ್ತಿರವೇ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತು ಒಂದೂವರೆಗೆ ಬಂದರು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆವು. ಅಣ್ಣ ಮೇಲಿನ ಮೆಟ್ಟಿಲಲ್ಲಿ ನಿಂತು ಬೆನ್ನಿನ ಕಡೆ ಹಿಡಿದ, ನಾನು ಕೆಳಗಿನಿಂದ ಮುಂದಿನ ಕಾಲು ಹಿಡಿದೆ. ಅಮ್ಮನ ಪಾದ ನನ್ನ ಎದೆಗೆ ತಾಗುತ್ತಿತ್ತು, ಅವಳ ಮುಖ ನನ್ನ ಮುಖದ ಎದುರಿಗೇ ಇತ್ತು.

“ಬೀಳಿಸ್ಬೇಡ್ರೋ. ಹುಟ್ಟಿದ್ ದಿನಾನೇ ಹೋದ್ಲು ಅಂತಾರೆ.”

“ಸುಮ್ನಿರಮ್ಮ, ಉಸಿರ್ ಹಿಡ್ಕೊಂಡಿದೀನಿ” ಎಂದ ಅಣ್ಣ.

ಮೇಲೆ ಬಂದು ಹಾಲಿನ ಮಧ್ಯೆ ಕುರ್ಚಿ ಇಳಿಸಿದೆವು. ಅಣ್ಣ ಸೋಫಾದ ಮೇಲೆ ಬಿದ್ದುಕೊಂಡು ಕಾರಿನ ಕೀ ನನ್ನ ಕಡೆ ಎಸೆದ. “ಡಿಕ್ಕೀಲಿ ಕೇಕಿದೆ, ತಂದ್ಬಿಡು.” ಹೇಳಿದ ಮೇಲೆ ಏನೋ ಹೊಳೆದಂತೆ ತಲೆ ಎತ್ತಿದ. ನಾನು ಆಗಲೇ ಮೆಟ್ಟಿಲಲ್ಲಿದ್ದೆ.

ಡಿಕ್ಕಿ ತೆಗೆದರೆ ಕೇಕಿನ ಡಬ್ಬಿ ಮುಂದೆಯೇ ಇತ್ತು. ಅದರ ಹಿಂದೆ ಹಳೆಯ ಬೆಡ್‌ಶೀಟ್ ಸುತ್ತಿದ ಒಂದು ಕುರ್ಚಿ. ಕಾಲುಗಳು ಹೊರಗೆ ಕಾಣುತ್ತಿದ್ದವು, ತುದಿಗೆ ರಬ್ಬರಿನ ಟೋಪಿ. ಅದು ಅಮ್ಮನ ಕಮೋಡ್ ಕುರ್ಚಿ, ನಡುವೆ ತೂತಿರುವುದು. ಪಕ್ಕದಲ್ಲಿ ಅಮ್ಮನ ನೀಲಿ ಬ್ಯಾಗು, ಔಷಧಿಯ ಕವರು. ಎಲ್ಲದರ ಮೇಲೆ ಅವಳ ದಿಂಬು.

ಒಂದು ಹೊತ್ತಿನ ಊಟಕ್ಕೆ ಬಂದವರು ದಿಂಬು ತರುವುದಿಲ್ಲ.

ಕೇಕು ತೆಗೆದುಕೊಂಡು ಡಿಕ್ಕಿ ಮುಚ್ಚಿದೆ. ನಮ್ಮದು ಬೆಳಗ್ಗೆ ಏಳೂವರೆಗೆ ಬೀಗ ಬೀಳುವ ಮನೆ. ನಾನು ಮಹದೇವಪುರದ ಫ್ಯಾಬ್ರಿಕೇಷನ್ ಶೆಡ್ಡಿಗೆ ಹೋಗುತ್ತೇನೆ, ಹೆಂಡತಿ ಅಲ್ಲೇ ಒಂದು ಅಪಾರ್ಟ್‌ಮೆಂಟಿನ ಕ್ಲೀನಿಂಗ್ ಕೆಲಸಕ್ಕೆ. ಮಗಳು ಕೋಲಾರದ ಹಾಸ್ಟೆಲಿನಲ್ಲಿದ್ದಾಳೆ. ಇಬ್ಬರೂ ಮನೆಗೆ ಬರುವಾಗ ಸಂಜೆ ಏಳು. ಅಷ್ಟು ಹೊತ್ತು ಈ ಎರಡನೇ ಮಹಡಿಯಲ್ಲಿ, ಯಾರಾದರೂ ಹಿಡಿದೆಬ್ಬಿಸದೆ ಏಳಲಾಗದ ಅಮ್ಮ ಒಬ್ಬಳೇ. ನಮ್ಮ ಬಚ್ಚಲಿನ ಬಾಗಿಲು ಎಷ್ಟು ಕಿರಿದೆಂದರೆ ನೀರಿನ ಡ್ರಮ್ಮನ್ನೇ ವಾರೆ ಮಾಡಿ ಒಳಗೆ ತಂದಿದ್ದೆ. ಆ ಕುರ್ಚಿ ಅಲ್ಲಿ ಹಿಡಿಸುವುದಿಲ್ಲ. ಹಾಲಿನಲ್ಲೇ ಇಡಬೇಕು. ಹಾಲಿನಲ್ಲೇ ಅಮ್ಮ, ಹಾಲಿನಲ್ಲೇ ಅದು, ಹೊರಗಡೆ ಬೀಗ. ಇದೆಲ್ಲ ಕೇಕಿನ ಡಬ್ಬಿ ಹಿಡಿದು ಮೆಟ್ಟಿಲು ಹತ್ತುವಷ್ಟರಲ್ಲಿ ಕಣ್ಣಿಗೆ ಬಂತು. ಕಾಲು ಮುಂದೆ ಹೋಗುತ್ತಿರಲಿಲ್ಲ. ಹಿಂದಕ್ಕೆ ಹೋಗಲು ಜಾಗವೂ ಇರಲಿಲ್ಲ. ಮೇಲೆ ಅಮ್ಮ ಕಾಯುತ್ತಿದ್ದಳು, ನಾನೇ ಕರೆದಿದ್ದೆ.

ಹೆಂಡತಿ ಅಡುಗೆಮನೆಯಲ್ಲಿ ಹಿತಕಿದ ಬೇಳೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಶನಿವಾರ ಸಂಜೆಯೆಲ್ಲ ಇಬ್ಬರೂ ಕೂತು ನೆನೆಸಿದ ಅವರೆಕಾಳು ಹಿತಕಿದ್ದೆವು.

“ಡಿಕ್ಕೀಲಿ ಅಮ್ಮನ ದಿಂಬಿದೆ” ಎಂದೆ.

ಅವಳಿಗೆ ಅಷ್ಟೇ ಸಾಕಾಯಿತು. ಸೌಟು ಕೈಯಲ್ಲೇ ನಿಂತಿತು. “ನಾಳೆ ನಂಗೆ ರಜಾ ಕೊಡಲ್ಲ ರೀ.”

“ಗೊತ್ತು.”

“ನಾನ್ ಬೇಡ ಅಂದ್ರೆ ಸೊಸೆ ಬೇಡ ಅಂದ್ಲು ಅಂತಾಗುತ್ತೆ. ನೀವೇ ಕೇಳಿ ಭಾವನ್ನ.”

“ಊಟ ಆಗ್ಲಿ” ಎಂದೆ.

ಹಾಲಿನಲ್ಲಿ ಅತ್ತಿಗೆ ಅಮ್ಮನನ್ನು ಸೋಫಾಗೆ ಕರೆಯುತ್ತಿದ್ದರು. “ಅತ್ತೆ, ಇಲ್ಲಿ ಬನ್ನಿ, ಫೋಟೋ ಚೆನ್ನಾಗ್ ಬರುತ್ತೆ.”

“ಇಲ್ಲೇ ಚೆನ್ನಾಗೈತೆ.”

“ಪ್ಲಾಸ್ಟಿಕ್ ಕುರ್ಚಿ ಅತ್ತೆ, ಬೆನ್ನು ನೋವಾಗುತ್ತೆ.”

“ನೋಯೋದ್ ನನ್ ಬೆನ್ನು ತಾನೆ.”

ನನಗೆ ಸ್ವಲ್ಪ ಚುಚ್ಚಿತು. ಆ ಸೋಫಾದ ಮೇಲೆ ಅವಳು ಕೂರುತ್ತಾಳೆಂದು ಹೊಸ ಬಟ್ಟೆ ಹೊದಿಸಿದ್ದೆ. ನಾನು ಕರೆದರೂ ಏಳಲಿಲ್ಲ. ಕಡೆಗೆ ಟೀಪಾಯಿಯನ್ನೇ ಕುರ್ಚಿಯ ಮುಂದೆ ಎಳೆದು ಕೇಕು ಇಟ್ಟೆವು. ಅತ್ತಿಗೆ ಎಂಟು ಮತ್ತು ಸೊನ್ನೆಯ ಮೇಣದ ಬತ್ತಿ ಚುಚ್ಚಿದರು.

“ಎಂಬತ್ತು ಅಂತ ಯಾರೇಳಿದ್ದು?”

“ಆಧಾರ್ ಕಾರ್ಡಲ್ಲಿದೆ ಅತ್ತೆ.”

“ಅದು ಆ ಕಂಪ್ಯೂಟ್ರು ಹುಡ್ಗ ನನ್ ಮುಖ ನೋಡ್ಕೊಂಡ್ ಬರ್ದಿದ್ದು. ಅವತ್ತು ನಂಗೆ ಜ್ವರ ಬಂದಿತ್ತು.”

ಎಲ್ಲರೂ ನಕ್ಕೆವು. ಅಣ್ಣನೂ ನಕ್ಕ, ಆದರೆ ನನ್ನ ಕಣ್ಣು ತಪ್ಪಿಸುತ್ತಿದ್ದ. ನಾನು ಡಿಕ್ಕಿ ನೋಡಿದ್ದೇನೆಂದು ಅವನಿಗೆ ಗೊತ್ತು. ಅವನಿಗೆ ಗೊತ್ತೆಂದು ನನಗೆ ಗೊತ್ತು. ಅಮ್ಮನಿಗೆ ಗೊತ್ತೋ ಇಲ್ಲವೋ ಎಂಬುದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

ಊಟಕ್ಕೂ ಅಮ್ಮ ಕುರ್ಚಿ ಬಿಡಲಿಲ್ಲ. ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಮುದ್ದೆ ಮುರಿಯುತ್ತಾ ನನ್ನ ಹೆಂಡತಿಯನ್ನು ಮಾತಾಡಿಸಿದಳು.

“ಏಟೊತ್ತಿಗ್ ಹೋಗ್ತೀಯಮ್ಮ ಕೆಲ್ಸಕ್ಕೆ?”

“ಏಳೂವರೆಗೆ ಅತ್ತೆ.”

“ಇವ್ನು?”

“ಅವ್ರೂ ನನ್ ಜೊತೇಲೇ.”

“ಮನೇಲ್ ಯಾರಿರ್ತಾರೆ ಮತ್ತೆ?”

“ಯಾರೂ ಇರಲ್ಲ ಅತ್ತೆ. ಹೊರಗಿಂದ ಬೀಗ.”

“ಹೂಂ.” ಅಮ್ಮ ಒಂದು ತುತ್ತು ಸಾರಿನಲ್ಲಿ ಅದ್ದಿ ನುಂಗಿದಳು. “ಪಕ್ಕದ್ ಮನೇಲಿ ಹೆಂಗುಸ್ರು ಇದಾರಾ?”

“ಹುಡುಗ್ರು ಬಾಡಿಗೆಗಿದಾರೆ. ರಾತ್ರಿ ಪಾಳಿ, ಹಗಲೆಲ್ಲ ಮಲಗಿರ್ತಾರೆ.”

ಅತ್ತಿಗೆ ಕೇಕಿನ ಡಬ್ಬಿಯನ್ನು ಮಡಿಸುತ್ತಾ ಮಡಿಸುತ್ತಾ ಅಂಗೈಯಷ್ಟು ಮಾಡಿದ್ದರು.

ಕೈ ತೊಳೆಯಲು ಹೋದಾಗ ಅಣ್ಣ ಹಿಂದೆ ಬಂದ. ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಮೆಲ್ಲಗೆ ಹೇಳಿದ.

“ನಾಲ್ಕ್ ದಿನ ಇಲ್ಲಿರ್ಲಿ ಕಣೋ.”

“ನಾಲ್ಕೇ ದಿನಾನಾ, ಅಣ್ಣ?”

ಸೋಪು ಹಚ್ಚಿದ ಕೈಗೆ ಮತ್ತೆ ಸೋಪು ಹಚ್ಚಿದ. “ಎಂಟ್ ವರ್ಷ ಆಯ್ತು. ಒಂದಿನ ಪೂರ್ತಿ ನಿದ್ದೆ ಮಾಡಿಲ್ಲ ನಾವು. ನಿಮ್ಮತ್ತಿಗೆ ಅವಳ ತವರಿಗೆ ಹೋಗಿ ಎರಡ್ ವರ್ಷ ಆಯ್ತು. ನಾನೇನು ಹೇಳ್ಲಿ?”

“ಅಮ್ಮಂಗೆ ಹೇಳಿದ್ಯಾ?”

“ನೀನೇ ಹೇಳು. ನಿನ್ ಮಾತಾದ್ರೆ ಕೇಳ್ತಾಳೆ.”

ಹತ್ತಿರದಿಂದ ನೋಡಿದರೆ ಅಣ್ಣನ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಎಂಟು ವರ್ಷ ಅಮ್ಮನನ್ನು ಅವನು ಇಟ್ಟುಕೊಂಡಿದ್ದ, ನಾನು ಹಬ್ಬಕ್ಕೆ ಬಾಳೆಹಣ್ಣು ಹಿಡಿದುಕೊಂಡು ಹೋಗಿ ಬರುತ್ತಿದ್ದೆ. ಯಾವ ಬಾಯಲ್ಲಿ ಆಗುವುದಿಲ್ಲ ಎನ್ನಲಿ? ಬೀಗದ ಮನೆಯಲ್ಲಿ ಇರು ಎಂದು ಅಮ್ಮನಿಗೆ ಯಾವ ಬಾಯಲ್ಲಿ ಹೇಳಲಿ?

ಹೊರಗೆ ಬಂದರೆ ಅಮ್ಮ ಎಲೆ ಅಡಿಕೆ ಮುಗಿಸಿ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು.

“ದೊಡ್ಡೋನೆ, ಹೊತ್ತಾಯ್ತು. ಹೊರಡಾನ.”

ಅಣ್ಣ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನೇ ಹೇಳಬೇಕಾಯಿತು. “ಇಲ್ಲೇ ಇರಮ್ಮ ನಾಲ್ಕ್ ದಿನ. ಚಿಕ್ಕೋನು ತುಂಬಾ ಆಸೆಪಡ್ತಿದ್ದಾನೆ.”

ಅಮ್ಮ ನನ್ನ ಕಡೆ ತಿರುಗಿದಳು. “ಹೌದಾ, ಚಿಕ್ಕೋನೆ?”

ಇಷ್ಟೇ ಪ್ರಶ್ನೆ. ಹೌದು ಅಂದರೆ ಅಮ್ಮ ಇರುತ್ತಿದ್ದಳು, ಅದು ನನಗೆ ಖಂಡಿತ ಗೊತ್ತು. ನಾನು ಕೇಳಿದ್ದನ್ನು ಅವಳು ಇಲ್ಲ ಎಂದವಳಲ್ಲ. ಇಲ್ಲ ಅಂದರೆ ಹೆತ್ತವಳಿಗೆ ಅವಳ ಹುಟ್ಟುಹಬ್ಬದ ದಿನ, ಮುಖದ ಎದುರಿಗೆ ಬೇಡ ಅಂದ ಹಾಗೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಣ್ಣನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಮ್ಮ ಕಾಯುವಷ್ಟು ಕಾದಳು. ಆಮೇಲೆ ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನನ್ ಇಳಿಸ್ರಿ.”

“ಅಮ್ಮ, ನಂಗೆ ಬೆನ್ನು ಹಿಡ್ಕೊಂಡಿದೆ” ಎಂದ ಅಣ್ಣ.

“ಹತ್ಸೋವಾಗ ಇತ್ತಲ್ಲ ಆ ಬೆನ್ನು. ಅದೇ ತಕೊಂಡ್ ಬಾ.”

ಆಗ ಅಮ್ಮ ನನ್ನನ್ನು ನೋಡಿ, ಬಸ್‌ಸ್ಟ್ಯಾಂಡಿನಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದಳು. “ಕೈ ಹಾಕು, ಚಿಕ್ಕೋನೆ.”

ನಾನು ಬಗ್ಗಿ ಕುರ್ಚಿಯ ಮುಂದಿನ ಕಾಲು ಹಿಡಿದೆ. ಇರು ಅಮ್ಮ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನನ್ನ ಕೈ ಬಾಯಿಗಿಂತ ಬೇಗ ಹೋಯಿತು. ಅಣ್ಣನೂ ಬಂದು ಹಿಂದೆ ಹಿಡಿದ.

ಇಳಿಯುವಾಗ ನಾನು ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಕಾಲಿನಲ್ಲಿ ತಡಕುತ್ತಾ ಇಳಿದೆ. ಮೊದಲನೇ ಮಹಡಿಯಲ್ಲಿ ಉಸಿರಾಡಲು ಕುರ್ಚಿ ಇಟ್ಟೆವು.

“ಬೆಳಗ್ಗೆ ಎದ್ದು ಸ್ನಾನ ಮಾಡ್ಕೊಂಡ್ ಬಂದ್ರೆ ನನ್ ದಿಂಬು ಮಂಚದ್ ಮೇಲಿರ್ಲಿಲ್ಲ” ಎಂದಳು ಅಮ್ಮ, ಯಾರನ್ನೂ ನೋಡದೆ. “ಅವಾಗ್ಲೇ ಅಂದ್ಕೊಂಡೆ, ಎಲ್ಲೇ ಹೋದ್ರೂ ಕೂತಿದ್ ಕುರ್ಚಿ ಬಿಡಬಾರ್ದು ಅಂತ.”

ಹಿಂದೆ ಅಣ್ಣ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ.

“ನಿಮ್ಮನೆ ಚೆನ್ನಾಗೈತೆ ಕಣೋ ಚಿಕ್ಕೋನೆ. ಬೆಳಕೈತೆ. ಆದ್ರೆ ಹಗಲೆಲ್ಲ ಬೀಗದೊಳ್ಗೆ ಇರೋಕೆ ನನ್ ಕೈಲಾಗಲ್ಲ. ಅಲ್ಲಿ ಎದುರು ಮನೆ ತಮಿಳಮ್ಮ ದಿನಾ ಬಂದು ಬಾಗ್ಲಲ್ಲಿ ಕೂತ್ಕೋತಾಳೆ. ಅವಳ್ ಮಾತ್ ನಂಗರ್ಧ ಅರ್ಥಾಗಲ್ಲ, ನನ್ದು ಅವಳ್ಗೆ ಆಗಲ್ಲ. ಆದ್ರೂ ಹೊತ್ತೋಗುತ್ತೆ.” ಆಮೇಲೆ ತಲೆ ಹಿಂದಕ್ಕೆ ವಾಲಿಸಿ ಅಣ್ಣನಿಗೆ ಹೇಳಿದಳು: “ನಿದ್ದೆ ಕೆಡಿಸ್ತೀನಿ, ಗೊತ್ತು ನಂಗೆ. ಇನ್ಮೇಲೆ ರಾತ್ರಿ ಒಂದ್ಸಲಾನೇ ಕೂಗ್ತೀನಿ.”

ಅಣ್ಣ ಬಗ್ಗಿ ಕುರ್ಚಿಯ ಬೆನ್ನು ಹಿಡಿದ. ಎತ್ತಿದೆವು.

ಕಾರಿನಲ್ಲಿ ಕೂರಿಸಿದ ಮೇಲೆ ಅಮ್ಮ ನನ್ನ ಅಂಗೈ ಬಿಡಿಸಿ ನೋಡಿದಳು. ಪ್ಲಾಸ್ಟಿಕ್ಕಿನ ಅಂಚು ಒತ್ತಿ ಕೆಂಪು ಗೆರೆ ಬಿದ್ದಿತ್ತು. “ತಣ್ಣೀರಲ್ಲಿ ಇಡು” ಅಂದಳು. ಡಿಕ್ಕಿಯನ್ನು ಯಾರೂ ತೆಗೆಯಲಿಲ್ಲ. ಕಾರು ಓಲ್ಡ್ ಮದ್ರಾಸ್ ರೋಡಿನ ಕಡೆ ತಿರುಗಿತು.

ಮೇಲೆ ಬಂದಾಗ ಹೆಂಡತಿ ಪಾತ್ರೆ ಒಂದು ಕಡೆ ಸೇರಿಸುತ್ತಿದ್ದಳು.

“ಕೆಳಗೆ ಹೋದ್ಮೇಲಾದ್ರೂ ಇರಿ ಅಂದ್ರಾ?”

“ಇಲ್ಲ.”

“ನಾನೂ ಅನ್ಲಿಲ್ಲ” ಎಂದಳು. ಪಾತ್ರೆ ಎತ್ತಿಕೊಳ್ಳುತ್ತಾ, “ಅನ್ಬೋದಿತ್ತು” ಎಂದಳು.

ನನಗೆ ಆಗ ಹಗುರವಾಗಿತ್ತು. ಇದನ್ನು ಬರೆಯಲು ಎರಡು ದಿನದಿಂದ ಹಿಂದೆ ಮುಂದೆ ನೋಡಿದೆ. ಅಮ್ಮ ಹೋದದ್ದು ನನಗೆ ಹಗುರವಾಗಿತ್ತು, ಮೂವತ್ತಾರು ಮೆಟ್ಟಿಲು ಹತ್ತಿದ ದಣಿವೂ ಗೊತ್ತಾಗಲಿಲ್ಲ. ಅಂಗೈಯನ್ನು ತಣ್ಣೀರಿನಲ್ಲಿ ಇಡಲಿಲ್ಲ.

ಸಂಜೆ ಗ್ರೂಪಿನಲ್ಲಿ ಅತ್ತಿಗೆ ಫೋಟೋ ಹಾಕಿದರು. ಕೇಕಿನ ಮುಂದೆ ಅಮ್ಮ ಕೂತಿದ್ದಾಳೆ, ಎರಡೂ ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿದಿವೆ. ಕೇಕು ಕತ್ತರಿಸಿದವಳು ಅವಳಲ್ಲ, ಅವಳ ಪರವಾಗಿ ಅಣ್ಣ ಕತ್ತರಿಸಿದ್ದು ಎಂಬುದು ನನಗೆ ಆಗ ನೆನಪಾಯಿತು. ಏನಾದರೂ ಬರೆಯಬೇಕೆಂದು ಟೈಪ್ ಮಾಡತೊಡಗಿದೆ. ‘ಕೆಳಗಿನ ಮನೆ ಯಾವುದಾದರೂ ಖಾಲಿ ಇದ್ದರೆ’ ಎಂಬಲ್ಲಿಗೆ ಬಂದಿದ್ದೆ. ಅಷ್ಟರಲ್ಲಿ ಓನರಮ್ಮ ಕೆಳಗಿನಿಂದ ಕೂಗಿದರು.

“ಏನಪ್ಪಾ, ಕುರ್ಚಿ ಗೇಟ್ ಹತ್ರಾನೇ ಬಿಟ್ಟಿದೀಯಲ್ಲ!”

ಇಳಿದು ಹೋಗಿ ಕುರ್ಚಿ ತೊಳೆದೆ. ಕೈಯಿಡುವ ಜಾಗದಲ್ಲಿ ಸುಣ್ಣದ ಬೆರಳಿನ ಗುರುತು ಅಂಟಿತ್ತು. ಅದನ್ನೂ ಉಜ್ಜಿ ತೊಳೆದು ಅವರ ಬಾಗಿಲಲ್ಲಿ ಇಟ್ಟು, “ಕೆಳಗಡೆ ಮನೆ ಯಾವ್ದಾದ್ರೂ ಖಾಲಿ ಆದ್ರೆ ಹೇಳಿ, ಅಮ್ಮ” ಎಂದೆ.

“ಕೆಳಗಡೇದು ಖಾಲಿ ಆಗಲ್ಲಪ್ಪ. ಬಂದವ್ರು ಬಿಡೋದೇ ಇಲ್ಲ” ಎಂದರು ಅವರು.