ಗುಬ್ಬಿಗಳ ರಿಪೋರ್ಟು

ಕುಬಿಹಾಳದಲ್ಲಿ ನಾನು ಕಟ್ಟಿದ ಬಲೆಗೆ ಮೊದಲ ದಿನ ಬಿದ್ದವರು ಮನೆಯ ಯಜಮಾನರು. ಗುಬ್ಬಿ ಹಿಡಿಯುವ ಬಲೆ ಕೂದಲಿನಷ್ಟು ತೆಳ್ಳಗಿರುತ್ತದೆ, ನೆರಳಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ದನದ ಕೊಟ್ಟಿಗೆಯ ಮುಂದೆ ಎರಡು ಬಿದಿರು ನೆಟ್ಟು ಅದನ್ನು ಕಟ್ಟಿ, ಗೋಡೆಯ ಮರೆಯಲ್ಲಿ ಕೂತಿದ್ದೆ. ನಾನು ಕಾಕಾ ಎಂದು ಕರೆಯುತ್ತಿದ್ದ ಆ ಯಜಮಾನರು ತಂಬಿಗೆ ಹಿಡಿದು ನೆಟ್ಟಗೆ ನಡೆದು ಬಂದರು. ಮೊದಲು ರುಮಾಲು ಸಿಕ್ಕಿಕೊಂಡಿತು. ಬಿಡಿಸಲು ಹೋದ ಕೈ ಸಿಕ್ಕಿಕೊಂಡಿತು. ಆಮೇಲೆ ಅಂಗಿಯ ಗುಂಡಿಗಳು ಒಂದೊಂದಾಗಿ.

"ಅಕ್ಕಾರ, ನಂದೂ ರಕ್ತ ತೆಗೀತೀರೇನ್ರಿ?" ಎಂದು ಬಲೆಯೊಳಗಿಂದಲೇ ಕೇಳಿದರು.

ನಾನಾಗ ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ರೋಗ ಬಂದಾಗ ಅದನ್ನು ಎದುರಿಸುವ ಜೀನುಗಳು ಗುಬ್ಬಿಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತವೆ ಎಂಬುದು ನನ್ನ ವಿಷಯ. ಗುಬ್ಬಿ ಹಿಡಿದು, ರೆಕ್ಕೆಯಡಿಯ ರಕ್ತನಾಳಕ್ಕೆ ಸಣ್ಣ ಸೂಜಿ ತಾಕಿಸಿ, ಒಂದು ಹನಿ ರಕ್ತ ತೆಗೆದು, ಗುರುತಿಗೆ ಕಾಲಿಗೆ ಬಣ್ಣದ ಉಂಗುರ ಹಾಕಿ ಬಿಟ್ಟುಬಿಡುವುದು. ಅರಣ್ಯ ಇಲಾಖೆಯ ಪರವಾನಗಿ ಕೈಯಲ್ಲಿತ್ತು. ಕಾಕಾನ ಪರವಾನಗಿ ಸಿಗುವುದು ಅದಕ್ಕಿಂತ ಕಷ್ಟವಾಯಿತು. ಅವರದು ಎರಡು ಷರತ್ತು. "ಸೋಮವಾರ ನಮ್ಮ ಮನ್ಯಾಗ ಯಾರ ರಕ್ತಾನೂ ತೆಗಿಯಂಗಿಲ್ರಿ. ಇನ್ನೊಂದು, ರಿಪೋರ್ಟ್ ನನ್ನ ಕೈಯಾಗ ಕೊಡಬೇಕ್ರಿ."

"ಎಲ್ಲಾ ಗುಬ್ಬಿನೂ ಒಂದ ಥರ ಕಾಣತಾವ. ಇಷ್ಟ್ಯಾಕ ಹಿಡೀತೀರಿ?" ಎಂದು ಒಂದು ದಿನ ಕೇಳಿದರು. ಹೊರಗೆ ಒಂದೇ ಥರ ಕಂಡರೂ ಒಳಗಿನ ಕಾವಲುಗಾರರು ಬೇರೆ ಬೇರೆ, ಒಬ್ಬ ಗುರುತಿಸುವ ರೋಗಾಣುವನ್ನು ಇನ್ನೊಬ್ಬ ಗುರುತಿಸುವುದಿಲ್ಲ, ಹೆಚ್ಚು ಗುಬ್ಬಿಗಳಲ್ಲಿರುವ ಕಾವಲುಗಾರನ ಕಣ್ಣು ತಪ್ಪಿಸುವುದನ್ನು ರೋಗಾಣುಗಳು ಬೇಗ ಕಲಿಯುತ್ತವೆ ಎಂದೆಲ್ಲ ಹೇಳತೊಡಗಿದೆ. ಅವರು ಅರ್ಧಕ್ಕೇ ತಡೆದರು.

"ಗೊತ್ತಾತ ಬಿಡ್ರಿ. ಊರ ತುಂಬ ಎಲ್ಲಾರೂ ಒಂದ ಥರದ ಹತ್ತಿ ಬೀಜ ಹಾಕಿದ್ವಿ. ಮೊದಲ ಹುಳ ಸತ್ತು. ಆಮ್ಯಾಲ ಹುಳಾನೂ ಶಾಣ್ಯಾ ಆದು."

ನನ್ನ ಪ್ರಬಂಧದ ಮೊದಲ ಅಧ್ಯಾಯ ಅಲ್ಲಿಗೆ ಮುಗಿದಿತ್ತು.

ಅವರ ಹೆಂಡತಿ ಕಾಕೂಗೆ ಜೀನುಗಳ ಚಿಂತೆ ಇರಲಿಲ್ಲ, ಉಂಗುರಗಳದ್ದಿತ್ತು. "ಹೆಣ್ಣಗುಬ್ಬಿಗೆ ಬಳಿ ಹಾಕಿದಿ, ಚಲೋ ಆತು. ಗಂಡಿಗೂ ಹಾಕೀಯಲ್ಲ ಬೇ! ನಾಕ ಗುಬ್ಬಿ ಮುಂದ ಅದು ಹೆಂಗ ತಲಿ ಎತ್ತಿ ತಿರಗಬೇಕ?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮಳೆಗಾಲದಲ್ಲಿ ಎರಡು ಗುಬ್ಬಿಗಳಿಗೆ ಕಣ್ಣಿನ ಸುತ್ತ, ಕಾಲಿನ ಮೇಲೆ ಗಂಟು ಎದ್ದವು. ಹಕ್ಕಿಗಳ ಸಿಡುಬು. ಮನುಷ್ಯರಿಗೆ ಅಂಟುವುದಿಲ್ಲ ಎಂದು ಧಾರವಾಡದಿಂದ ಕಾಕಾಗೆ ಫೋನಿನಲ್ಲಿ ಹೇಳಿದೆ. ಆದರೆ ಸಿಡುಬು ಎಂಬ ಮಾತು ಕಾಕೂನ ಕಿವಿಗೆ ಬಿದ್ದಾಗಿತ್ತು. ಮನೆಗೆ ಅಮ್ಮ ಬಂದಿದ್ದಾಳೆ ಎಂದು ಅವರು ಕೊಟ್ಟಿಗೆಗೆ ಬೇವಿನ ಟೊಂಗೆ ಕಟ್ಟಿದರು, ಅಡುಗೆಗೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿದರು. ಐದನೆಯ ದಿನ ಕಾಕಾನ ಫೋನು ಬಂತು.

"ಅಕ್ಕಾರ, ಗುಬ್ಬಿ ಆರಾಮ ಆಗ್ಯಾವ ಅಂತ ಆಕಿಗೆ ಒಂದ ಮಾತ ಹೇಳ್ರಿ. ಒಗ್ಗರಣಿ ಇಲ್ಲದ ಬ್ಯಾಳಿ ಉಂಡು ಉಂಡು ನಾಲಿಗಿ ಸತ್ತ ಹೋಗೇತ್ರಿ."

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಮರುದಿನವೇ ಬಸ್ಸು ಹತ್ತಿ ಹೋದೆ. ಒಂದು ಗುಬ್ಬಿ ದನಗಳ ಕಾಲ ಬಳಿ ಸತ್ತು ಬಿದ್ದಿತ್ತು. ಕಾಕೂ ಅದನ್ನು ಅಂಗೈ ಮೇಲಿಟ್ಟುಕೊಂಡು, ಕಾಲಿನ ಹಳದಿ ಉಂಗುರವನ್ನು ನನಗೆ ತೋರಿಸಿದರು. ಇನ್ನೊಂದು ಗುಬ್ಬಿ ಕೊಟ್ಟಿಗೆಯ ತಗಡಿನ ಮೇಲೆ ಕೂತು, ಅರ್ಧ ಮುಚ್ಚಿದ ಕಣ್ಣಲ್ಲೇ ಉಳಿದ ಗುಬ್ಬಿಗಳ ಜೊತೆ ಜಗಳ ತೆಗೆದಿತ್ತು. ಎರಡು ವಾರದಲ್ಲಿ ಅದರ ಗಂಟುಗಳು ಉದುರಿಹೋದವು, ಮನೆಗೆ ಒಗ್ಗರಣೆ ಮರಳಿತು. ಒಂದೇ ಕೊಟ್ಟಿಗೆಯಲ್ಲಿದ್ದು ಒಂದೇ ಕಾಳು ತಿಂದ ಎರಡು ಹಕ್ಕಿಗಳಲ್ಲಿ ಒಂದು ಯಾಕೆ ಉಳಿಯಿತು? ಜೀನೇ ಕಾರಣ ಎನ್ನಲು ಒಂದು ಮನೆಯ ಗುಬ್ಬಿಗಳು ಸಾಲುತ್ತಿರಲಿಲ್ಲ. ಅವೆಲ್ಲ ಒಂದೇ ಬಳಗದವು ಇರಬಹುದು. ಊರಿನ ಬೇರೆ ಮನೆಗಳ ಗುಬ್ಬಿಗಳೂ ಬೇಕಿದ್ದವು.

ಆದರೆ ಯಾರೂ ಬಾಗಿಲು ತೆರೆಯಲಿಲ್ಲ. ನಾನು ಕಾಲಿಟ್ಟ ಮನೆಯ ಗುಬ್ಬಿಗೆ ಸಿಡುಬು ಬರುತ್ತದೆ ಎಂಬ ಸುದ್ದಿ ಓಣಿ ತುಂಬ ಹಬ್ಬಿತ್ತು. ಎದುರು ಮನೆಯವರು ಕೈ ಮುಗಿದೇ ಹೇಳಿದರು: "ಮಗಳನ್ನ ನೋಡಾಕ ಬೀಗರು ಬರೋರದಾರ್ರಿ. ಗುಬ್ಬಿಗೆ ರೋಗ ಐತಿ ಅಂತ ನೀವು ಬರದ್ರ ನಮ್ಮ ಮನಿ ಗತಿ ಏನ್ರಿ?" ತಿಂಗಳುಗಟ್ಟಲೆ ಓಡಾಡಿದರೂ ಮತ್ತೊಂದು ಮನೆ ಸಿಗಲಿಲ್ಲ. ವಿಷಯವನ್ನೇ ಬದಲಿಸಿ, ಕಪ್ಪೆಗಳಿಗೆ ಹೋಗಿಬಿಡಲೇ ಎಂದೂ ಯೋಚಿಸಿದೆ.

ಅಷ್ಟರಲ್ಲಿ ಕಾಕಾನ ಮನೆಯ ಮಾದರಿಗಳ ಫಲಿತಾಂಶ ಬಂತು. ಕೊಟ್ಟ ಮಾತಿನಂತೆ ಕನ್ನಡದಲ್ಲಿ ಒಂದು ಪುಟ ಬರೆದು ಒಯ್ದೆ: ಈ ಮನೆಯ ಗುಬ್ಬಿಗಳಲ್ಲಿ ರೋಗನಿರೋಧಕ ಜೀನುಗಳ ವೈವಿಧ್ಯ ಚೆನ್ನಾಗಿದೆ.

"ಚೆನ್ನಾಗಿದೆ ಅಂದ್ರ ಫಸ್ಟ್ ಕ್ಲಾಸ್ ಏನ್ರಿ?"

"ಹಂಗೇ ಅನ್ಕೋರಿ, ಕಾಕಾ."

"ಹಂಗಾದ್ರ ಶಿಕ್ಕಾ ಎಲ್ಲೈತಿ?"

ನನ್ನ ಚೀಲದಲ್ಲಿದ್ದದ್ದು 'ಮಾದರಿ ಸ್ವೀಕರಿಸಲಾಗಿದೆ' ಎಂಬ ರಬ್ಬರ್ ಮೊಹರು ಮಾತ್ರ. ಅದನ್ನೇ ಒತ್ತಿಕೊಟ್ಟೆ. ಕಾಕಾ ಅದನ್ನು ಕುಂದಗೋಳಕ್ಕೆ ಒಯ್ದು ಲ್ಯಾಮಿನೇಶನ್ ಮಾಡಿಸಿದರು. ಹಾಲಿನ ಡೇರಿಯಲ್ಲಿ, ಚಹಾದಂಗಡಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳಿದರಂತೆ. 'ವೈವಿಧ್ಯ' ಎಂಬಲ್ಲಿ ಸ್ವಲ್ಪ ನಿಂತು ಎಲ್ಲರ ಮುಖ ನೋಡುತ್ತಿದ್ದರಂತೆ.

ಮುಂದಿನ ವಾರ ನಾನು ಬಸ್ಸಿಳಿಯುವಾಗ ಐದಾರು ಮಂದಿ ಕಾದು ನಿಂತಿದ್ದರು. ಬಯ್ಯಲು ಬಂದಿದ್ದಾರೆ ಎಂದುಕೊಂಡು ಮತ್ತೆ ಬಸ್ಸು ಹತ್ತಲು ನೋಡಿದೆ. ಒಬ್ಬರು ನನ್ನ ಚೀಲ ಇಸಿದುಕೊಂಡರು. "ನಮ್ಮ ಗುಬ್ಬಿ ಏನ್ ಪಾಪ ಮಾಡ್ಯಾವ್ರಿ? ಅವಕ್ಕೂ ಮಾಡ್ರಿ ಟೆಸ್ಟ್!"

ಆ ಚಳಿಗಾಲದಲ್ಲಿ ನನಗೆ ಬೇಕಾದಷ್ಟು ಮನೆಗಳು ಸಿಕ್ಕವು. ಹೋದಲ್ಲೆಲ್ಲ ಅವಲಕ್ಕಿ, ಚಹಾ. ಎದುರು ಮನೆಯವರೂ ಕರೆದರು, ಮಗಳ ಮದುವೆ ಗೊತ್ತಾಗಿತ್ತು. ರಕ್ತದ ಹನಿಯನ್ನು ಶೀಷೆಗೆ ಇಳಿಸುತ್ತಿದ್ದಾಗ ಆ ಮನೆಯ ಯಜಮಾನರು ಹತ್ತಿರ ಬಂದು, ಯಾರೂ ಇಲ್ಲವಷ್ಟೇ ಎಂದು ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ ಕೇಳಿದರು:

"ಅಕ್ಕಾರ, ಆ ಮನಿ ಗುಬ್ಬಿಗಿಂತ ನಮ್ಮ ಗುಬ್ಬಿ ಒಂದ್ ತುಸು ಮುಂದ ಬರೂಹಂಗ ನೋಡ್ರಿ."