ಭರಣಿಯ ಬಟ್ಟೆ ಬಿಚ್ಚಿದವಳು

ಕಾರ್ಮಿನ್ ಬಾಯಿಯವರ ವೈನನ್ನು ಹುಳಿ ಮಾಡಿದವಳು ನಾನು. ಅವರ ಸೊಸೆ ಲಿಲ್ಲಿ ಅಲ್ಲ. ಇಷ್ಟು ಸಣ್ಣ ಮಾತು ಹೇಳಲು ನನಗೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಐವತ್ತರ ದಶಕದ ಕೊನೆ ಅದು. ಮೂಡುಬಿದಿರೆಯ ಜೈನರ ಮನೆಯಿಂದ ಬಂದ ನಾನು ಬಂಟ್ವಾಳದ ಆಚೆ, ಹೊಳೆಬದಿಯ ಹಳ್ಳಿಯೊಂದರಲ್ಲಿ ಟೀಚರಾಗಿದ್ದೆ. ಜೇನುತುಪ್ಪವನ್ನೂ ಮುಟ್ಟದ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ ನಮ್ಮದು. ಶಾಲೆಯ ಹತ್ತಿರ ಬೇರೆ ಬಾಡಿಗೆ ಮನೆ ಇರಲಿಲ್ಲವೆಂದು ಕಾರ್ಮಿನ್ ಬಾಯಿ ಎಂಬ ಕ್ರಿಶ್ಚಿಯನ್ ವಿಧವೆಯ ಮನೆಯ ಹೊರಕೋಣೆಗೆ ಅಪ್ಪ ಒಪ್ಪಿದ್ದರು — ಬೇರೆ ಒಲೆ, ಬೇರೆ ಕೊಡಪಾನ ಎಂಬ ಷರತ್ತಿನ ಮೇಲೆ.

ಆ ವರ್ಷ ಬಾಯಿಯ ಮಗಳಿಗೆ ಮದುವೆ ನಿಶ್ಚಯವಾಯಿತು. ಮದುವೆಗೆ ವೈನ್ ಬೇಕು. ಆಗ ಜಿಲ್ಲೆಯಲ್ಲಿ ಪಾನನಿಷೇಧ. ಹಾಗಾಗಿ ಎಲ್ಲವೂ ಪಿಸುಮಾತಿನಲ್ಲೇ ನಡೆಯಿತು. ಮಂಗಳೂರಿನಿಂದ ಬುಟ್ಟಿಯಲ್ಲಿ ಕಪ್ಪು ದ್ರಾಕ್ಷಿ ಬಂತು. ತೊಳೆದು, ಬಟ್ಟೆಯಲ್ಲಿ ಒಂದೊಂದೇ ಹಣ್ಣು ಒರೆಸಿ, ಅತ್ತೆ ಸೊಸೆ ಇಬ್ಬರೂ ಕೈಯಲ್ಲೇ ಹಿಸುಕಿದರು. ಸಕ್ಕರೆ, ಕುಟ್ಟಿದ ಗೋಧಿ, ಒಂದಿಷ್ಟು ಚೆಕ್ಕೆ ಲವಂಗ, ಕುದಿಸಿ ಆರಿಸಿದ ನೀರು, ಹುದುಗು ಬರಲು ಒಂದು ಕುಡ್ತೆ ಕಳ್ಳು — ಎಲ್ಲವೂ ದೊಡ್ಡ ಭರಣಿಗೆ ಹೋಯಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಲಿಲ್ಲಿಯ ಕೈ ಮೊಣಕೈವರೆಗೂ ನೇರಳೆ ಬಣ್ಣವಾಗಿತ್ತು. ಅವಳು ನನಗೆ ತೋರಿಸಿ ನಕ್ಕಳು.

ದಿನಾ ಬೆಳಿಗ್ಗೆ ಒಣ ಮರದ ಸೌಟಿನಿಂದ ಕದಡುವ ಕೆಲಸ ಲಿಲ್ಲಿಗೆ. ಇಪ್ಪತ್ತೊಂದು ದಿನ ಕಳೆದ ಮೇಲೆ ಕಾರ್ಮಿನ್ ಬಾಯಿ ಭರಣಿಗೆ ಬಟ್ಟೆ ಬಿಗಿದು, ಸುತ್ತ ಹಿಟ್ಟು ಮೆತ್ತಿದರು. "ಇನ್ನು ನಾನು ಹೇಳುವವರೆಗೆ ಯಾರೂ ಮುಟ್ಟಬಾರದು. ಲಿಲ್ಲಿ, ಇದು ನಿನ್ನ ಜವಾಬ್ದಾರಿ," ಎಂದರು.

ಭರಣಿ ಇದ್ದ ಉಗ್ರಾಣ ನನ್ನ ಕೋಣೆಗೆ ತಾಗಿಕೊಂಡೇ ಇತ್ತು. ಗೋಡೆಯ ಸಂದಿನಿಂದ ಅದರ ವಾಸನೆ ಬರುತ್ತಿತ್ತು — ಅಸಹ್ಯವಾಗಬೇಕಿತ್ತು ನನಗೆ. ಆಗಲಿಲ್ಲ. ಒಳಗೆ ಈಗ ಏನಾಗುತ್ತಿದೆ? ಹಣ್ಣು ಯಾವ ಗಳಿಗೆಯಲ್ಲಿ ಹಣ್ಣಾಗಿರುವುದನ್ನು ಬಿಡುತ್ತದೆ? ಕ್ಲಾಸಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವಾಗಲೂ ನನ್ನ ತಲೆಯಲ್ಲಿ ಅದೇ.

ಚರ್ಚಿನ ಹಬ್ಬಕ್ಕೆ ಮೊದಲು ಒಂಬತ್ತು ದಿನ ಸಂಜೆ ಪ್ರಾರ್ಥನೆ. ಮನೆಯವರೆಲ್ಲ ಹೋಗುತ್ತಿದ್ದರು. ಮೊದಲ ಸಂಜೆ ನಾನು ಭರಣಿಗೆ ಕಿವಿಯಿಟ್ಟೆ, ಅಷ್ಟೇ. ಎರಡನೆಯ ಸಂಜೆ ಹಿಟ್ಟು ಬಿಡಿಸಿ ಬಟ್ಟೆ ಬಿಚ್ಚಿದೆ. ಕೆಳಗೆ ಕುಳಿತ ಸಿಪ್ಪೆ, ಮೇಲೆ ತಿಳಿಯಾಗುತ್ತಿದ್ದ ಗಾಢ ಕೆಂಪು, ಅಂಚಿನಲ್ಲಿ ಒಂದೆರಡು ಗುಳ್ಳೆ. ಮೂರನೆಯ ಸಂಜೆ ಬೆರಳು ಅದ್ದಿ ನೆಕ್ಕಿದೆ. ನಾನು! ಆಮೇಲೆ ದಿನಾ — ಬಿಚ್ಚುವುದು, ನೋಡುವುದು, ನೆಕ್ಕುವುದು, ಒದ್ದೆ ಹಿಟ್ಟು ಮೆತ್ತಿ ಮೊದಲಿನಂತೆ ಮಾಡುವುದು. ಕೊನೆಯ ದಿನಗಳಲ್ಲಿ ಸಣ್ಣ ನುಸಿಗಳು ಒಳಗೆ ಹೊಕ್ಕಿದ್ದನ್ನು ಕಂಡೆ. ರುಚಿಯೂ ಬದಲಾಗಿತ್ತು. ಅದನ್ನೂ ಕುತೂಹಲದಿಂದಲೇ ಗಮನಿಸಿದೆ, ನಾಚಿಕೆಯಿಲ್ಲದೆ.

ಮದುವೆಗೆ ವಾರವಿರುವಾಗ ಬಾಯಿ ಭರಣಿ ತೆರೆದರು. ಮೂಗಿಗೆ ರಾಚಿದ್ದು ವಿನೆಗರಿನ ವಾಸನೆ. ಅವರು ನೆಲದ ಮೇಲೆ ಕೂತುಬಿಟ್ಟರು. ಲಿಲ್ಲಿ ಗೋಡೆಗೆ ಒರಗಿ ನಿಂತಿದ್ದಳು.

"ಟೀಚರ್, ಸಂಜೆ ಹೊತ್ತು ನೀವು ಮನೆಯಲ್ಲೇ ಇದ್ದದ್ದಲ್ವಾ? ಯಾರಾದರೂ ಒಳಗೆ ಹೋದದ್ದು ಉಂಟಾ?" ಬಾಯಿ ಕೇಳಿದರು.

ಹೇಳಬಹುದಿತ್ತು. ಊರಿಗೆ ಸುದ್ದಿ ಹೋದರೆ, ಅಪ್ಪನಿಗೆ ತಿಳಿದರೆ — ಅಷ್ಟೇ ಯೋಚಿಸಿದೆ.

"ಇಲ್ಲ ಬಾಯಿ, ಯಾರೂ ಹೋಗಲಿಲ್ಲ."

ಬಾಯಿ ಸೊಸೆಯ ಕಡೆ ತಿರುಗಿದರು. ಬೈಯಲಿಲ್ಲ. "ಹಾಗಾದರೆ ಇವಳ ಕೈಗುಣವೇ. ಮದುವೆಯಾಗಿ ನಾಲ್ಕು ವರ್ಷವಾಯ್ತು, ಮಡಿಲೂ ತುಂಬಲಿಲ್ಲ," ಎಂದರು, ನನಗೆ ಹೇಳುವವರ ಹಾಗೆ.

ಅಂದಿನಿಂದ ಲಿಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಲಿಲ್ಲ, ಹಿಟ್ಟು ಹುದುಗಿಸಲಿಲ್ಲ. ಅತ್ತೆ ತಡೆದದ್ದು ಒಂದೆರಡು ವರ್ಷವಿರಬಹುದು; ಮತ್ತೆ ಅವಳೇ ನಿಲ್ಲಿಸಿದಳು. ನಾನು ಬೆಳ್ತಂಗಡಿಗೆ ವರ್ಗವಾಗಿ ಹೋದ ಮೇಲೆ ಒಮ್ಮೆ ನೋಡಲು ಬಂದೆ. ನಾದಿನಿಯ ಹಸುಗೂಸು ಚಾಪೆಯ ಮೇಲೆ ಅಳುತ್ತಿತ್ತು. ಲಿಲ್ಲಿ ಎರಡು ಮಾರು ದೂರದಲ್ಲಿ ನಿಂತೇ ಇದ್ದಳು. ಎತ್ತಿಕೊಳ್ಳಿ ಎಂದೆ.

"ಬೇಡ ಟೀಚರ್. ನನ್ನ ಕೈ ಒಳ್ಳೆಯದಲ್ಲ."

ಆ ದಿನವೂ ನಾನು ಬಾಯಿ ಬಿಡಲಿಲ್ಲ. ಮಗುವನ್ನು ಎತ್ತಿ ಸಮಾಧಾನ ಮಾಡಿದವಳು ನಾನೇ — ನನ್ನ ಈ ಕೈಗಳಲ್ಲಿ.

ಮೊನ್ನೆ ಹೋಗಿ ಹೇಳಿದೆ. ಲಿಲ್ಲಿ 'ಮಾಂಯ್' ಎಂದು ಕರೆಯುತ್ತಿದ್ದ ಕಾರ್ಮಿನ್ ಬಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಲಿಲ್ಲಿಯ ಕೂದಲು ಪೂರಾ ಬೆಳ್ಳಗಾಗಿದೆ. ನಾನು ಪ್ರತಿ ಸಂಜೆಯ ಲೆಕ್ಕ ಕೊಡುತ್ತಾ ಹೋದೆ; ಅವಳು ಸೆರಗಿನ ತುದಿಯನ್ನು ಸುತ್ತುತ್ತಾ ಕೇಳಿದಳು. ಬೈದರೆ ಹಗುರವಾದೀತು ಎಂದು ಕಾದೆ.

"ಮಾಂಯ್ ಇರುವಾಗ ಹೇಳಬಹುದಿತ್ತಲ್ಲ, ಟೀಚರ್," ಎಂದಳು.

ಮತ್ತೆ ಎದ್ದು ಒಳಗೆ ಹೋದಳು. ತುಂಬ ಹೊತ್ತು ಬರಲಿಲ್ಲ. ನಾನು ಕೊನೆಯ ಬಸ್ಸಿನವರೆಗೂ ಜಗಲಿಯಲ್ಲಿ ಕೂತಿದ್ದೆ.