ಗಾಜಿನ ಮೂಲೆಯ ಚೂರು

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಆಗಲೇ ದೀಪ ಉರಿಯುತ್ತಿದೆ. ರೋಗಿಯ ದೇಹದಿಂದ ತೆಗೆದು ಮೇಣದಲ್ಲಿ ಹುದುಗಿಸಿದ ಮಾಂಸದ ತುಣುಕನ್ನು ಯಂತ್ರಕ್ಕೆ ಸಿಕ್ಕಿಸಿ ಕೈಚಕ್ರ ತಿರುಗಿಸುತ್ತಿದ್ದಾರೆ, ಎಲ್ಲರ ಬಾಯಲ್ಲಿ ‘ಸ್ಲೈಡಕ್ಕ’ ಆಗಿರುವ ಟೆಕ್ನಿಷಿಯನ್. ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಪದರವೊಂದು ಬ್ಲೇಡಿನಿಂದ ಜಾರಿ ಬರುತ್ತದೆ. ಅದನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು ಗಾಜಿನ ಪಟ್ಟಿಗೆ, ಅಂದರೆ ಸ್ಲೈಡಿಗೆ, ಎತ್ತಿಕೊಳ್ಳುತ್ತಾರೆ.

"ಸ್ವಲ್ಪ ದೂರ ನಿಂತ್ಕೊಳ್ಳಿ. ನೀವು ಸೀನಿದ್ರೆ ನನ್ನ ಅರ್ಧ ಗಂಟೆ ಕೆಲಸ ಹಾರಿಹೋಗುತ್ತೆ," ಎಂದು ಅವರ ಕೆಲಸ ನೋಡಲು ಬಂದಿರುವ ನನ್ನನ್ನು ಗದರುತ್ತಾರೆ.

ಇಪ್ಪತ್ತಾರು ವರ್ಷದ ಕೆಲಸ, ದಿನಕ್ಕೆ ನೂರು ನೂರಿಪ್ಪತ್ತು ಗಾಜು. ಬೆರಳ ತುದಿಯಲ್ಲಿ ಬ್ಲೇಡಿನ ಹಳೆಯ ಗಾಯಗಳು, ಸೊಂಟದಲ್ಲಿ ಬಿಡದ ನೋವು. ವರದಿಗೆ ಸಹಿ ಹಾಕುವವರು ಡಾಕ್ಟರು, ಇವರ ಹೆಸರು ಎಲ್ಲೂ ಬರುವುದಿಲ್ಲ. ನನಗೆ ಅದು ಅನ್ಯಾಯ ಎನಿಸುತ್ತದೆ, ಅವರಿಗೆ ಅದರ ಗೊಡವೆಯೇ ಇಲ್ಲ.

ಕಳೆದ ತಿಂಗಳು ಹೊಲಿಗೆ ಕೆಲಸದ ಹೆಂಗಸೊಬ್ಬರ ಕುತ್ತಿಗೆಯಿಂದ ತೆಗೆದ ಗಂಟು ಇಲ್ಲಿಗೆ ಬಂತು. ಊದಿಕೊಂಡ ದುಗ್ಧಗ್ರಂಥಿ. ಕ್ಯಾನ್ಸರೋ, ಸೋಂಕಿನ ಊತವೋ ತಿಳಿಯಬೇಕಿತ್ತು. ಗ್ರಂಥಿಯೊಳಗೆ ರೆಂಬೆಗಳಂತೆ ಕೈಚಾಚಿಕೊಂಡ ಡೆಂಡ್ರೈಟಿಕ್ ಕೋಶಗಳು ಬಲೆ ಹೆಣೆದುಕೊಂಡಿರುತ್ತವೆ. ಬರೀ ಊತವಾದರೆ ಬಲೆ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ, ಕೆಲವು ಕ್ಯಾನ್ಸರುಗಳಲ್ಲಿ ಹರಿದಿರುತ್ತದೆ. ವಿಶೇಷ ಬಣ್ಣ ಹಾಕಿದರೆ ಬಲೆ ಕಂದು ಬಣ್ಣದಲ್ಲಿ ಕಾಣಬೇಕು. ಅವತ್ತು ಕಾಣಲೇ ಇಲ್ಲ. ಹೊಸದಾಗಿ ಸೇರಿದ್ದ ಡಾಕ್ಟರಮ್ಮ ಕ್ಯಾನ್ಸರಿನ ಅನುಮಾನ ಎಂದು ಬರೆಯಲು ಪೆನ್ನು ಎತ್ತಿಯಾಗಿತ್ತು.

"ಮೇಡಂ, ಒಂಚೂರು ತಡೀರಿ. ಮೂಲೇನೂ ನೋಡಿ," ಅಂದರು ಸ್ಲೈಡಕ್ಕ.

ಇಂಥ ಪ್ರತಿ ಗಾಜಿನ ಮೂಲೆಯಲ್ಲೂ ಅವರು ಟಾನ್ಸಿಲ್‌ನ ಚೂರೊಂದನ್ನು ಕೂರಿಸುತ್ತಾರೆ. ಗಂಟಲಿನ ಟಾನ್ಸಿಲ್ ಕೂಡ ದುಗ್ಧಗ್ರಂಥಿಯ ಜಾತಿಯದೇ, ಅದರಲ್ಲಿ ಬಲೆ ಇರಲೇಬೇಕು. ಅಲ್ಲೂ ಕಾಣದಿದ್ದರೆ ತಪ್ಪು ಬಣ್ಣದ್ದು, ರೋಗಿಯದಲ್ಲ. ಅವತ್ತು ಆ ಚೂರೂ ಬೋಳು. ಬಣ್ಣ ಹಾಕುವ ಮುನ್ನ ಗಾಜುಗಳನ್ನು ಕುದಿಸುವ ಪಾತ್ರೆಯ ಮುಚ್ಚಳ ಸರಿಯಾಗಿ ಕೂರದೆ, ಬಿಸಿ ಸಾಲದೆ, ಬಣ್ಣ ಹಿಡಿದಿರಲಿಲ್ಲ.

"ಮುಚ್ಚಳ ಹಾಕಿದ್ದು ನಾನೇ. ಮೇಡಂಗೆ ಹಾಗೇ ಹೇಳಿಬಿಟ್ಟೆ. ಮೇಲಿನ ವಾರ್ಡಲ್ಲಿ ಒಂದು ಜೀವ ಕಾಯ್ತಿರುವಾಗ ನನ್ನ ಮರ್ಯಾದೆ ಯಾವ ಲೆಕ್ಕ?" ಎನ್ನುತ್ತಾರೆ ಸ್ಲೈಡಕ್ಕ.

ಮತ್ತೆ ಕತ್ತರಿಸಿ, ಮತ್ತೆ ಕುದಿಸಿ, ಮತ್ತೆ ಬಣ್ಣ ಹಾಕಿದರು. ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಉಳಿಯಿತು. ಸಂಜೆಗೆ ಎರಡೂ ಚೂರುಗಳಲ್ಲಿ ಬಲೆ ಎದ್ದು ಕಂಡಿತು. ಉಳಿದ ಪರೀಕ್ಷೆಗಳೂ ಸೋಂಕು ಎಂದೇ ಹೇಳಿದವು. ಆ ಹೆಂಗಸು ಈಗ ಹೊಲಿಗೆಯಂತ್ರದ ಮುಂದೆ ಕೂತಿದ್ದಾರೆ, ಸ್ಲೈಡಕ್ಕ ಯಾರೆಂದು ಅವರಿಗೆ ಗೊತ್ತಿಲ್ಲ.

ಹೆಸರು ಎಲ್ಲೂ ಬಾರದ್ದಕ್ಕೆ ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ. ಸ್ಲೈಡಕ್ಕ ಗಂಟಲು ಮುಟ್ಟಿಕೊಂಡು ನಗುತ್ತಾರೆ.

"ಆ ಟಾನ್ಸಿಲ್ ಯಾರದು ಅಂದ್ಕೊಂಡ್ರಿ? ನಂದೇ. ಹೋದ ವರ್ಷ ಆಪರೇಷನ್ ಆದಾಗ ದೊಡ್ಡ ಡಾಕ್ಟರನ್ನ ಕೇಳಿ ಇಟ್ಕೊಂಡೆ. ರಜಾ ಹಾಕಿದ್ರೂ ನಿನ್ನ ಗಂಟಲು ಡ್ಯೂಟೀಲೇ ಇರುತ್ತೆ ಅಂತ ನಮ್ಮನೆಯವ್ರು ರೇಗಿಸ್ತಾರೆ. ರಿಪೋರ್ಟಲ್ಲಿ ಹೆಸರು ಇಲ್ದಿದ್ರೆ ಏನಂತೆ, ಗಾಜಿನ ಮೂಲೇಲಿ ನಾನಿದೀನಲ್ಲ."